ಮರ ಬಿದ್ದಿದ್ದು ಪೂರ್ತಿ, ದುಡ್ಡು ಬಂದಿದ್ದು ಅರ್ಧ

(ತಿಪಟೂರಿನ ಒಂದು ಹಂಚಿನ ಮನೆ. ತೆಂಗಿನಮರ ಬಿದ್ದ ಅಡುಗೆಮನೆ ಮೇಲೆ ನೀಲಿ ಟಾರ್ಪಾಲು. ನಿವೃತ್ತ ಮೇಷ್ಟ್ರು ರಂಗಪ್ಪ ವಿಮಾ ಕಂಪನಿಗೆ ಪತ್ರ ಬರೆಯುತ್ತಿದ್ದಾರೆ. ಪದ್ಮಮ್ಮ ಅಕ್ಕಿ ಆರಿಸುತ್ತಿದ್ದಾರೆ.)

ರಂಗಪ್ಪ: ಕೇಳೇ ಇಲ್ಲಿ. ‘ಮಹಾಸ್ವಾಮಿ, ಈ ಬಡ ಶಿಕ್ಷಕನ ಮೇಲೆ ಕೃಪೆಯಿಟ್ಟು ಇನ್ನಷ್ಟು ಹಣ ದಯಪಾಲಿಸಬೇಕೆಂದು...’

ಪದ್ಮಮ್ಮ: ವರ್ಷಾ ವರ್ಷಾ ಪ್ರೀಮಿಯಂ ಕಟ್ಟಿದ್ದು ಮಹಾಸ್ವಾಮಿಗಳಾ? ದಯೆ ಕೇಳಬೇಡಿ, ಬಾಕಿ ಕೇಳಿ.

ರಂಗಪ್ಪ: ಬಾಕಿ ಎಲ್ಲಿದೆಯೇ? ರಿಪೇರಿಗೆ 1,80,000 ಆಯ್ತು. ಮನೆ ಕಟ್ಟೋಕೆ 20 ಲಕ್ಷ ಬೇಕು, ನೀವು 10 ಲಕ್ಷಕ್ಕೆ ವಿಮೆ ಮಾಡಿಸಿದ್ದೀರಿ, ಅದಕ್ಕೇ ಅರ್ಧ ಅಂತ 90,000 ಹಾಕಿದ್ದಾರೆ. ಲೆಕ್ಕ ಸರಿಯಾಗೇ ಇದೆ. ನಾನು ಗಣಿತದ ಮೇಷ್ಟ್ರು ಕಣೇ!

ಪದ್ಮಮ್ಮ: ಲೆಕ್ಕ ಸರಿ, ಸೂತ್ರ ತಪ್ಪು. ನಮ್ಮದು ಭಾರತ್ ಗೃಹ ರಕ್ಷಾ, 2021ರ ಏಪ್ರಿಲ್‌ನಲ್ಲಿ ಬಂದ ಪಾಲಿಸಿ. ಇದರಲ್ಲಿ ಕಮ್ಮಿಗೆ ವಿಮೆ ಮಾಡಿಸಿದ್ರಿ ಅಂತ ಕತ್ತರಿ ಹಾಕೋ ಹಾಗಿಲ್ಲ.

ರಂಗಪ್ಪ: ನಿನಗ್ಯಾರು ಹೇಳಿದ್ದು?

ಪದ್ಮಮ್ಮ: ಪಾಲಿಸಿನೇ ಹೇಳ್ತು. ನೀವು ಅರಿಶಿನ ಕುಂಕುಮ ಹಚ್ಚಿ ಬೀರುವಿನಲ್ಲಿಟ್ರಿ, ನಾನು ತೆಗೆದು ಓದಿದೆ.

ರಂಗಪ್ಪ: ಹಂಗಾದ್ರೆ ಟಿವಿನೂ ಸೇರಿಸಿಬಿಡ್ತೀನಿ.

ಪದ್ಮಮ್ಮ: ಟಿವಿ ಹೋದ ದೀಪಾವಳಿಗೇ ಕಣ್ಣು ಮುಚ್ಚಿತು. ಮರ ಬಿದ್ದಿದ್ದು ಅಡುಗೆಮನೆ ಮೇಲೆ, ಅದು ಇರೋದು ಪಡಸಾಲೇಲಿ.

ರಂಗಪ್ಪ: ಗಾಳಿ ತಗುಲಿರುತ್ತೆ.

ಪದ್ಮಮ್ಮ: ಸುಳ್ಳು ಸೇರಿಸಿದ್ರೆ ಇರೋ ಕ್ಲೇಮೂ ಕೈಬಿಡುತ್ತೆ ರೀ.

ರಂಗಪ್ಪ: ಮರ, ಒಡೆದ ಹಂಚು ಎಲ್ಲಾ ಸಾಗಿಸಿದ ಕೂಲಿ 6,000. ಅದಾದ್ರೂ ನಿಜ ತಾನೇ?

ಪದ್ಮಮ್ಮ: ನಿಜ. ಆದ್ರೆ ಅದಕ್ಕೆ ಕ್ಲೇಮಿನ ಶೇ. 2ರವರೆಗೆ ಮಾತ್ರ. ಎಷ್ಟಾಯ್ತು ಮೇಷ್ಟ್ರೇ?

ರಂಗಪ್ಪ: (ಬೆರಳು ಮಡಚುತ್ತಾ) 3,600. ಅಂದ್ರೆ ಬರಬೇಕಾದ ಬಾಕಿ 93,600! ಅಯ್ಯೋ, ನಾನು ಐದು ಸಾವಿರ ಕೊಟ್ರೆ ಸಾಕು ಅಂತ ಬರೆದಿದ್ದೆ.

ಪದ್ಮಮ್ಮ: ಹೊಡೆದು ಹಾಕಿ. ಬಡಗಿ ಬಿಲ್ಲು, ಹಂಚಿನ ಬಿಲ್ಲು, ಮುರಿದ ತೊಲೆಯ ಫೋಟೊ ಲಗತ್ತಿಸಿ. ಸರ್ವೇಯರ್ ವರದಿಯ ನಕಲು ಕೇಳಿ.

ರಂಗಪ್ಪ: ಒಂದು ವೋಚರ್ ಬೇರೆ ಬಂದಿದೆ. ‘ಇದೇ ಪೂರ್ಣ ಮತ್ತು ಅಂತಿಮ ಪಾವತಿ’ ಅಂತ. ಪಾಪ, ಸ್ಟಾಂಪು ಅಂಟಿಸಿದ ಕವರೂ ಇಟ್ಟಿದ್ದಾರೆ. ಸಹಿ ಹಾಕಿ ಕಳಿಸ್ಲಾ?

ಪದ್ಮಮ್ಮ: ಮೊದಲು ಪೆನ್ನು ಕೆಳಗಿಡಿ! ಅಂತಿಮ ಅಂತ ಸಹಿ ಹಾಕಿದ ಮೇಲೆ ಬಾಕಿ ಯಾವ ಬಾಯಲ್ಲಿ ಕೇಳ್ತೀರಿ?

ರಂಗಪ್ಪ: ಇಷ್ಟೆಲ್ಲ ಬರೆದೂ ಕೊಡದಿದ್ರೆ?

ಪದ್ಮಮ್ಮ: ಕಂಪನಿಯ ದೂರು ವಿಭಾಗಕ್ಕೆ ಬರೆದು ಒಂದು ತಿಂಗಳು ಕಾಯೋದು. ಆಮೇಲೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್. ಅಲ್ಲಿ ಫೀಸಿಲ್ಲ, ವಕೀಲರನ್ನೂ ಬಿಡಲ್ಲ. ನಮ್ಮ ವಾದ ನಾವೇ ಮಾಡಬೇಕು.

ರಂಗಪ್ಪ: ನಾವೇ ಅಂದ್ರೆ... ನೀನು ತಾನೇ?

ಪದ್ಮಮ್ಮ: ಇನ್ಯಾರು? ಯಾಕೆ?

ರಂಗಪ್ಪ: (ಹೊಸ ಹಾಳೆ ತೆಗೆದು) ಅದನ್ನೇ ಮೊದಲ ಸಾಲಲ್ಲಿ ಬರೆದುಬಿಡ್ತೀನಿ. ತಿಂಗಳು ಕಾಯೋ ಪ್ರಮೇಯವೇ ಬರಲ್ಲ!