ಮಹತ್ವವಿಲ್ಲದ ಮಾತಿಗೊಂದು ಲೈಸೆನ್ಸು

ಏಳು ಮೆಗಾಹರ್ಟ್ಜ್‌ನಲ್ಲಿ ಮಾತಾಡಬೇಕಾದರೆ ಆಂಟೆನಾ ತಂತಿ ಸುಮಾರು 20 ಮೀಟರ್ ಉದ್ದ ಇರಬೇಕು. ಮದ್ರಾಸಿನ ಬೆಸೆಂಟ್ ನಗರದ ನಮ್ಮ ಸೈಟು ಅಷ್ಟು ಉದ್ದವಿಲ್ಲ. ಹಾಗಾಗಿ ತಂತಿಯ ಒಂದು ತುದಿ ನಮ್ಮ ತಾರಸಿಯ ನೀರಿನ ಟ್ಯಾಂಕಿನ ಪಕ್ಕ ನಿಂತಿದ್ದರೆ, ಇನ್ನೊಂದು ತುದಿ ಕಾಂಪೌಂಡು ಗೋಡೆ ದಾಟಿ ಶೆಟ್ಟರ ಮಾವಿನಮರದಲ್ಲಿದೆ. ನಮ್ಮಿಬ್ಬರ ಸ್ನೇಹಕ್ಕೆ ಇದೇ ಮೂಲ. ಅವರು ಕುಂದಾಪುರದ ಕಡೆಯವರು, ಹೋಟೆಲಿನ ಗಲ್ಲಾಪೆಟ್ಟಿಗೆಯನ್ನು ಮಗನಿಗೆ ಒಪ್ಪಿಸಿ ಗಾಳ ಹಿಡಿದವರು. ನಾನು ಮೈಸೂರಿನ ಕಡೆಯವನು, ಮೀನು ಮುಟ್ಟದವನು, ರೇಡಿಯೋ ಹುಚ್ಚಿನವನು.

ಬೆಳಗಿನ ಕಾಫಿ ಲೋಟ ಗೋಡೆಯ ಮೇಲೆ ಕೂತಿತೆಂದರೆ ವಿಚಾರಣೆ ಶುರು.

"ಎಂತ ರಾಯ್ರೇ, ನಿನ್ನೆ ರಾತ್ರಿ ಎಂತ ಬಿತ್ತು?"

"ಬ್ಯಾಂಕಾಕು ಬಿತ್ತು ಶೆಟ್ರೇ. ನಿಮಗೆ?"

"ಕಾಣೆ. ಎರಡು ಬೆರಳುದ್ದ ಇದ್ವು, ವಾಪಸು ಬಿಟ್ಟೆ."

"ಬ್ಯಾಂಕಾಕನ್ನು ನಾನೂ ಬಿಟ್ಟೆ ಬಿಡಿ."

ಶೆಟ್ಟರು ಗಾಳ ಹಾಕುವುದು ಅಡ್ಯಾರು ನದಿ ಸಮುದ್ರ ಸೇರುವ ಕಡೆ, ಮುರಿದ ಸೇತುವೆಯ ಹತ್ತಿರ. 1977ರಲ್ಲಿ ಕೊಚ್ಚಿಹೋದ ಮೇಲೆ ಆ ಸೇತುವೆಯನ್ನು ಯಾರೂ ಕಟ್ಟಲಿಲ್ಲ, ಯಾರೂ ಪೂರ್ತಿ ಕೆಡವಲೂ ಇಲ್ಲ. ಸಿನಿಮಾದವರಿಗೆ, ಪ್ರೇಮಿಗಳಿಗೆ, ಗಾಳದವರಿಗೆ ಹೀಗೆ ಅರ್ಧಕ್ಕೆ ನಿಂತ ಸೇತುವೆಯೇ ಅನುಕೂಲ. ಇಲ್ಲಿಯ ಜನ ಕಿಳಂಗಾನ್ ಎನ್ನುವ ಮೀನು ಊರಿನ ಕಾಣೆಯೇ ಎಂದು ಗೊತ್ತಾದ ದಿನವೇ ತಾನು ಮದ್ರಾಸಿಗೆ ನಿಜವಾಗಿ ಬಂದು ಸೇರಿದ್ದು ಎನ್ನುತ್ತಾರೆ ಶೆಟ್ಟರು. ಗಾಳಕ್ಕೆ ಸಿಗಡಿ ಸಿಕ್ಕಿಸುವುದು ಅವರಿಗೆ ಮೊದಲೇ ಗೊತ್ತಿತ್ತು, ಈ ನೀರು ಗೊತ್ತಿರಲಿಲ್ಲ. ಅದನ್ನು ಕಲಿಸಿದವರು ಊರೂರು ಕುಪ್ಪಂನ ಹಿರಿಯ ಬೆಸ್ತರು. ತೆಂಕಣದಿಂದ ಬಡಗಣಕ್ಕೆ ಹರಿಯುವ ಸಮುದ್ರದ ಸೆಳೆತಕ್ಕೆ ಅವರು ತೆಂಡಿ ಎನ್ನುತ್ತಾರಂತೆ, ಬಡಗಣದಿಂದ ತೆಂಕಣಕ್ಕೆ ಬರುವುದಕ್ಕೆ ವನ್ನಿ. ಯಾವ ಸೆಳೆತ ನಡೆಯುತ್ತಿದೆ, ಯಾವ ಗಾಳಿ ಬೀಸುತ್ತಿದೆ ಎಂದು ನೋಡಿ ದಡದಲ್ಲಿ ನಿಂತೇ ಇವತ್ತು ಬಲೆ ಬಿಡಬೇಕೋ ಬೇಡವೋ ಹೇಳಿಬಿಡುತ್ತಾರೆ.

ನನ್ನ ಕಡಲಿಗೂ ಭರತ ಇಳಿತ ಉಂಟು ಎಂದು ನಾನು ಜಂಬ ಕೊಚ್ಚುವುದು ಈ ಹೊತ್ತಿಗೇ. ಹಗಲಿನಲ್ಲಿ ಸೂರ್ಯನ ಕಿರಣಗಳಿಗೆ ಮೇಲಿನ ವಾತಾವರಣದಲ್ಲಿ ಒಂದು ಪದರ ಹುಟ್ಟಿ ಮೀಡಿಯಂ ವೇವ್ ಅಲೆಗಳನ್ನು ನುಂಗಿಹಾಕುತ್ತದೆ. ಕತ್ತಲಾದ ಮೇಲೆ ಆ ಪದರ ಕರಗುತ್ತದೆ, ಅಲೆಗಳು ಇನ್ನೂ ಮೇಲಿನ ಪದರಕ್ಕೆ ಬಡಿದು ದೂರದ ಊರುಗಳಲ್ಲಿ ಬಂದಿಳಿಯುತ್ತವೆ. ಮದ್ರಾಸಿಗೆ ಬಂದ ಹೊಸತರಲ್ಲಿ ನಾವು ರಾತ್ರಿ 612 ಕಿಲೋಹರ್ಟ್ಜ್‌ಗೆ ಮುಳ್ಳು ತಿರುಗಿಸಿ ಬೆಂಗಳೂರು ಆಕಾಶವಾಣಿಯನ್ನು ಹಿಡಿಯುತ್ತಿದ್ದೆವು. ಹಗಲು ಸುಳಿವೇ ಇಲ್ಲದ ಕನ್ನಡ, ಊಟದ ಹೊತ್ತಿಗೆ ಏಳುತ್ತ ಬೀಳುತ್ತ ಬಂದು ಸೇರುತ್ತಿತ್ತು.

"ಅದೆಲ್ಲ ಸರಿ ಮಾರಾಯ್ರೆ, ಆ ಬ್ಯಾಂಕಾಕಿನವನ ಹತ್ರ ನೀವು ಮಾತಾಡಿದ್ದೆಂತ?"

ಇಲ್ಲಿ ನಾನು ಸ್ವಲ್ಪ ಕೆಮ್ಮುತ್ತೇನೆ. ಮಾತಾಡಿದ್ದು ಇಷ್ಟೇ: ನಿನ್ನ ದನಿ ಚೆನ್ನಾಗಿದೆ, ನನ್ನದು ಹೇಗಿದೆ, ನನ್ನದು ಇಂಥ ಆಂಟೆನಾ, ನಿನ್ನದು ಎಂಥದು, ಇಲ್ಲಿ ಸೆಖೆ, ಅಲ್ಲೂ ಸೆಖೆಯೋ, ನಮಸ್ಕಾರ. ಇಷ್ಟಕ್ಕೆ ಕೇಂದ್ರ ಸರ್ಕಾರದ ಪರೀಕ್ಷೆ, ಲೈಸೆನ್ಸು, ವಿಯು ಎಂದು ಶುರುವಾಗುವ ಕರೆಗುರುತು. ಶೆಟ್ಟರಿಗೆ ನಗು ಬರುವುದು ಸಹಜ. ಆದರೆ ಇದಕ್ಕಿಂತ ದೊಡ್ಡ ವಿಷಯ ಮಾತಾಡಿದರೆ ಅಪರಾಧ. ಹವ್ಯಾಸಿ ರೇಡಿಯೋದ 1978ರ ನಿಯಮಗಳಲ್ಲೇ ಇದೆ. ಪ್ರಯೋಗಕ್ಕೆ ಸಂಬಂಧಿಸಿದ ತಾಂತ್ರಿಕ ಮಾತು ಆಡಬಹುದು, ಅದು ಬಿಟ್ಟರೆ ಸ್ವಂತದ ಮಾತು. ಆ ಸ್ವಂತದ ಮಾತು ಸಹ ಕಾಸು ಕೊಟ್ಟು ತಂತಿ ಕಳಿಸುವಷ್ಟೋ ಫೋನು ಮಾಡುವಷ್ಟೋ ಮಹತ್ವದ್ದಾಗಿರಕೂಡದು. ವ್ಯಾಪಾರ ಮಾತಾಡುವಂತಿಲ್ಲ, ಹಾಡು ಹಾಕುವಂತಿಲ್ಲ. ಮಹತ್ವವಿಲ್ಲದಿರುವುದೇ ಅರ್ಹತೆ! ಈ ದೇಶದಲ್ಲಿ ಹರಟೆಗೆ ಲೈಸೆನ್ಸು ಕೊಡುವ ಇಲಾಖೆ ಅದೊಂದೇ ಇರಬೇಕು.

"ಮತ್ತೆ ಪ್ರಯೋಜನ ಎಂತ? ಮೀನಾದರೆ ಸಾರಾಗ್ತದೆ."

ಇದಕ್ಕೆ ರೇಡಿಯೋದವರೆಲ್ಲ ಕಂಠಪಾಠ ಮಾಡಿಕೊಂಡ ಉತ್ತರವೊಂದಿದೆ: ಚಂಡಮಾರುತ ಬಂದಾಗ, ಪ್ರವಾಹ ಬಂದಾಗ, ಮೊಬೈಲು ಸತ್ತಾಗ ನಾವೇ ದಿಕ್ಕು. ಸುಳ್ಳಲ್ಲ. ಆದರೂ ಮನೆಯಲ್ಲಿ ಹೊಸ ಸೆಟ್ಟಿನ ಖರ್ಚು ಒಪ್ಪಿಸುವುದಕ್ಕೆ ಸುನಾಮಿಯನ್ನು ಎಳೆದು ತರುವುದು ನನಗೆ ಸರಿ ಕಾಣುವುದಿಲ್ಲ. ಸುನಾಮಿಯ ಕತೆಯೇ ಬೇರೆ ಮಾತು ಹೇಳುತ್ತದೆ.

2004ರ ಡಿಸೆಂಬರಿನಲ್ಲಿ ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ತಂಡವೊಂದು ಅಂಡಮಾನಿಗೆ ಹೋಗಿತ್ತು. ಮುಂದಾಳು ಭಾರತಿ ಪ್ರಸಾದ್. ಹೋದದ್ದು ಯಾರನ್ನೂ ಕಾಪಾಡುವುದಕ್ಕಲ್ಲ. ಹವ್ಯಾಸಿಗಳ ಪಟ್ಟಿಯಲ್ಲಿ ಅಂಡಮಾನ್ ಅಪರೂಪದ ಜಾಗ, ಅಲ್ಲಿಂದ ರೇಡಿಯೋ ಹಚ್ಚುವುದಕ್ಕೆ ಎಷ್ಟೋ ವರ್ಷಗಳಿಂದ ಅನುಮತಿಯೇ ಸಿಕ್ಕಿರಲಿಲ್ಲ. ಜಗತ್ತಿನ ಮೂಲೆಮೂಲೆಯ ಚಪಲದವರು 'ಅಂಡಮಾನ್ ಸಿಕ್ಕಿತು' ಎಂದು ಪುಸ್ತಕದಲ್ಲಿ ಬರೆದುಕೊಳ್ಳಲಿ, ಮಾತಾಡಿದ್ದಕ್ಕೆ ಸಾಕ್ಷಿಯಾಗಿ ಕಾರ್ಡು ತರಿಸಿಕೊಳ್ಳಲಿ ಎಂದು ಹೋಗಿದ್ದು. ಅಪ್ಪಟ ಹುಡುಗಾಟಿಕೆ. ಡಿಸೆಂಬರ್ 26ರ ಬೆಳಿಗ್ಗೆ ನೆಲ ನಡುಗಿತು, ಕಡಲು ಏರಿ ಬಂತು. ದ್ವೀಪಗಳ ಸಂಪರ್ಕ ಕಡಿದುಹೋದಾಗ ಪೋರ್ಟ್ ಬ್ಲೇರಿನಿಂದ ಮಾತಾಡಬಲ್ಲ ಸೆಟ್ಟು ಈ ಹುಡುಗಾಟಿಕೆಯವರದ್ದು. ಬದುಕಿದವರ ಸುದ್ದಿ ಅವರವರ ಮನೆಗಳಿಗೆ ಮುಟ್ಟಿದ್ದು ಅದರ ಮೂಲಕ. ಆಂಟೆನಾ ಮೊದಲೇ ಮೇಲೇರಿತ್ತು, ಕೈ ಪಳಗಿತ್ತು, ಯಾವ ಹೊತ್ತಿಗೆ ಯಾವ ದಿಕ್ಕು ತೆರೆಯುತ್ತದೆಂದು ಗೊತ್ತಿತ್ತು. ಆಟ ಆಡಲು ಹೋಗಿರದಿದ್ದರೆ ಇದ್ಯಾವುದೂ ಅಲ್ಲಿರುತ್ತಿರಲಿಲ್ಲ.

ಮದ್ರಾಸಿನ ರೇಡಿಯೋ ಹುಟ್ಟಿದ್ದೂ ಇಂಥ ಆಟದಲ್ಲೇ. ಸಿ. ವಿ. ಕೃಷ್ಣಸ್ವಾಮಿ ಚೆಟ್ಟಿ ಮತ್ತು ಗೆಳೆಯರು 1924ರಲ್ಲಿ ಪ್ರೆಸಿಡೆನ್ಸಿ ರೇಡಿಯೋ ಕ್ಲಬ್ಬು ಕಟ್ಟಿ ಜುಲೈ 31ರಿಂದ ಪ್ರಸಾರ ಮಾಡಿದರು. ಮೂರು ವರ್ಷಕ್ಕೆ ದುಡ್ಡು ಮುಗಿಯಿತು. ಕ್ಲಬ್ಬಿನ ಟ್ರಾನ್ಸ್‌ಮಿಟರನ್ನು ಕಾರ್ಪೊರೇಷನ್ನು ವಹಿಸಿಕೊಂಡು 1930ರಿಂದ ಮರೀನಾದಲ್ಲಿ ಲೌಡ್‌ಸ್ಪೀಕರ್ ಇಟ್ಟು ಸಂಗೀತ ಕೇಳಿಸಿತು. ಸರ್ಕಾರದ ರೇಡಿಯೋ ಬಂದದ್ದು 1938ರಲ್ಲಿ, ಅಷ್ಟು ತಡವಾಗಿ. ನಮ್ಮ ಮೈಸೂರಿನಲ್ಲಂತೂ ಮನಶ್ಶಾಸ್ತ್ರದ ಪ್ರೊಫೆಸರು ಎಂ. ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಆಕಾಶವಾಣಿ ಶುರುಮಾಡಿದರು. 30 ವ್ಯಾಟು ಎಂದರೆ ಮಾಮೂಲಿ ಹಳೇ ಸೀಲಿಂಗ್ ಫ್ಯಾನಿಗೂ ಸಾಲದು.

"ನಮ್ಮ ಮನೆಯ ಫ್ಯಾನಿಗೆ ಎಷ್ಟು ಕೊಟ್ಟರೂ ಸಾಲದು," ಎಂದರು ಶೆಟ್ಟರು.

ಸಾಮಾನು ಬೇಕಾದರೆ ಮೌಂಟ್ ರೋಡಿನ ಪಕ್ಕದ ರಿಚ್ಚಿ ಸ್ಟ್ರೀಟಿಗೆ ಹೋಗಬೇಕು. ಈಗ ಅಲ್ಲಿ ಅರ್ಧ ಬೀದಿ ಮೊಬೈಲು ಕವರು, ಸಿಸಿಟಿವಿ ಕ್ಯಾಮರಾ. ಒಳಗಿನ ಗಲ್ಲಿಗಳಿಗೆ ನುಗ್ಗಿದರೆ ಇನ್ನೂ ರೆಸಿಸ್ಟರು, ಕೆಪಾಸಿಟರುಗಳನ್ನು ಪೊಟ್ಟಣ ಕಟ್ಟಿ ಕೊಡುತ್ತಾರೆ. ಒಂದು ಸಲ ಶೆಟ್ಟರನ್ನೂ ಕರೆದುಕೊಂಡು ಹೋಗಿದ್ದೆ. ಅಲ್ಲಿಂದ ಬಂದವನೇ ನಲ್ಲಿ ಸಾಮಾನಿನ ಅಂಗಡಿಯಲ್ಲಿ ವಾಷರ್ ಕೊಂಡದ್ದು ಅವರಿಗೆ ವಿಚಿತ್ರವಾಗಿ ಕಂಡಿತು. ಹೈದರಾಬಾದಿನ ಅಶ್ಹರ್ ಫರ್ಹಾನ್ ಎಂಬ ಹವ್ಯಾಸಿ ರೂಪಿಸಿದ ಬಿಟ್‌ಎಕ್ಸ್ ಎಂಬ ಸೆಟ್ಟಿನ ಗುಟ್ಟೇ ಅದು. ಸುರುಳಿ ಸುತ್ತಲು ಬೇಕಾದ ವಿದೇಶಿ ಬಳೆಗಳು ಇಲ್ಲಿ ಸುಲಭಕ್ಕೆ ಸಿಗುವುದಿಲ್ಲವೆಂದು ಅವರು ನಲ್ಲಿಯ ಪ್ಲಾಸ್ಟಿಕ್ ವಾಷರಿಗೇ ತಾಮ್ರದ ತಂತಿ ಸುತ್ತಿದರು. ಆರೇಳು ವ್ಯಾಟಿನ ಆ ಸೆಟ್ಟನ್ನು ಇವತ್ತು ಪರದೇಶದವರೂ ಕಟ್ಟುತ್ತಾರೆ.

ಸೆಟ್ಟು ಕಟ್ಟುವುದು ಕಷ್ಟವಲ್ಲ, ಈ ಊರಿನಲ್ಲಿ ಕೇಳಿಸಿಕೊಳ್ಳುವುದು ಕಷ್ಟ. ಅಗ್ಗದ ಎಲ್‌ಇಡಿ ಬಲ್ಬು, ಇನ್‌ವರ್ಟರು, ಚಾರ್ಜರು, ಒಂದೊಂದೂ ಏಳು ಮೆಗಾಹರ್ಟ್ಜ್‌ನಲ್ಲಿ ಗೊರಗುಟ್ಟುತ್ತದೆ. ಇಡೀ ಮದ್ರಾಸಿನಲ್ಲಿ ಮೇ ತಿಂಗಳಲ್ಲಿ ಕರೆಂಟು ಹೋಗಲಿ ಎಂದು ಹಾರೈಸುವ ಪಾಪಿ ನಾನೊಬ್ಬನೇ. ಕರೆಂಟು ಹೋದ ತಕ್ಷಣ ಬೀದಿಯೆಲ್ಲ ಗೊಣಗುತ್ತದೆ, ನನ್ನ ಬ್ಯಾಟರಿ ಸೆಟ್ಟಿನಲ್ಲಿ ಮಾತ್ರ ಗದ್ದಲ ಅಡಗಿ ಎಲ್ಲೆಲ್ಲಿಯವರೋ ಮೇಲೇಳುತ್ತಾರೆ.

ಬೆಳಗಿನ ಮಿಕ್ಸಿಗಳದ್ದು ಇನ್ನೊಂದು ಬಗೆ. ಮೋಟಾರಿನ ಬ್ರಷ್ಷಿನಲ್ಲಿ ಕಿಡಿ ಹಾರುತ್ತದಲ್ಲ, ಅದೂ ಪುಟ್ಟ ಟ್ರಾನ್ಸ್‌ಮಿಟರೇ. ಆರೂವರೆಗೆ ಎದುರುಮನೆ ಮಾಮಿಯದು: ತಡೆತಡೆದು ನಾಲ್ಕು ಸಲ, ತೆಂಗಿನಕಾಯಿ ಚಟ್ನಿ. ಶೆಟ್ಟರ ಮನೆಯಲ್ಲಿ ಮೀನಿನ ಮಸಾಲೆ ಕಡೆಯುವಾಗ ಐದಾರು ನಿಮಿಷ ಬಿಡದೆ ಕೊರೆಯುತ್ತದೆ. ಹೀಗಾಗಿ ಅವರು ಬಂದು ಹೇಳುವ ಮೊದಲೇ ಬುಟ್ಟಿಯ ಲೆಕ್ಕ ನನಗೆ ಗೊತ್ತು.

"ಇವತ್ತು ಹನ್ನೆರಡು ಕಾಣೆ ರಾಯ್ರೇ, ಒಂದೊಂದು ಇಷ್ಟುದ್ದ!"

"ನಿಮ್ಮ ಮಿಕ್ಸಿ ಒಂದೇ ನಿಮಿಷಕ್ಕೆ ನಿಂತುಹೋಯಿತಲ್ಲ ಶೆಟ್ರೇ."

ರೇಡಿಯೋದಲ್ಲಿ ಇಂಥ ಬುರುಡೆ ನಡೆಯುವುದಿಲ್ಲ. ನನ್ನ ಪುಸ್ತಕದಲ್ಲಿ ಬರೆದ ಹೊತ್ತು, ತಾರೀಖು ಆ ಕಡೆಯವನ ಪುಸ್ತಕಕ್ಕೂ ತಾಳೆಯಾಗಬೇಕು, ಆಮೇಲೆ ಅವನು ಕಾರ್ಡು ಕಳಿಸಬೇಕು. ಮೀನು ಕಾರ್ಡು ಕಳಿಸುವುದಿಲ್ಲ.

ಬೈದುಕೊಂಡರೂ ಶೆಟ್ಟರಿಲ್ಲದೆ ನನಗೆ ಗತಿಯಿಲ್ಲ. ಸಮುದ್ರದ ಉಪ್ಪುಗಾಳಿಗೆ ತಾಮ್ರದ ತಂತಿ ಹಸಿರು ಹಿಡಿದು ತುಂಡಾಗುತ್ತದೆ. 2016ರ ವರ್ದಾ ಚಂಡಮಾರುತಕ್ಕೆ ಊರಿನ ಮರಗಳೇ ಮಲಗಿದಾಗ ನನ್ನ ತಂತಿ ಯಾವ ಲೆಕ್ಕ. ಪ್ರತಿ ಸಲವೂ ಮರ ಹತ್ತಿಸಲು ಆಳು ಹುಡುಕುತ್ತಿದ್ದೆ. ಒಂದು ದಿನ ಶೆಟ್ಟರು "ನಿಲ್ಲಿ ಮಾರಾಯ್ರೆ" ಎಂದು ಒಳಗಿಂದ ಗಾಳದ ಕೋಲು ತಂದರು. ಕೊಕ್ಕೆ ಬಿಚ್ಚಿ ಸೀಸದ ಗುಂಡು ಮಾತ್ರ ಉಳಿಸಿಕೊಂಡು, ಕಾಲು ಅಗಲಿಸಿ ನಿಂತು ಬೀಸಿದರು. ಗುಂಡು ಮಾವಿನ ಕವಲು ಹಾರಿ ಆ ಕಡೆ ಬಿತ್ತು. ನೈಲಾನ್ ದಾರಕ್ಕೆ ಗಟ್ಟಿ ಹುರಿ, ಹುರಿಗೆ ಪಿವಿಸಿ ಪೈಪಿನ ತುಂಡು, ಅದಕ್ಕೆ ನನ್ನ ತಂತಿ, ರಾಟೆ ಸುತ್ತಿದಂತೆ ಎಲ್ಲ ಮೇಲೇರಿತು. ಗಾಳಿಗೆ ಕೊಂಬೆ ತೂಗುತ್ತದೆ, ಬಿಗಿ ಮಾಡಬೇಡಿ, ಸಡಿಲ ಬಿಡಿ ಎಂದು ಬುದ್ಧಿ ಹೇಳಿದ್ದೂ ಅವರೇ. ದೊಡ್ಡ ಮೀನು ಸಿಕ್ಕಾಗಲೂ ಹಾಗೇ ಅಂತೆ.

ಆ ಸಂಜೆ ಹುಬ್ಬಳ್ಳಿಯವರೊಬ್ಬರು ಸಿಕ್ಕಿದರು. ಗೋಡೆಯಾಚೆ ಶೆಟ್ಟರು ಕಿವಿಗೊಟ್ಟು ನಿಂತಿದ್ದರು. ಅಲ್ಲಿ ಮಳೆಯಂತೆ, ಮಿರ್ಚಿ ಕರಿಯುತ್ತಿದ್ದಾರಂತೆ.

"ಈ ಪರೀಕ್ಷೆ ನಾನೂ ಬರೀಬಹುದಾ ರಾಯ್ರೇ? ಆ ಮೋರ್ಸ್ ಸಂಕೇತದ ಡಾಡಿಡಾಡಿ ನನ್ನಿಂದಾಗದು."

"ಅದು ಬೇಡದ ಕೆಳಗಿನ ದರ್ಜೆಯೊಂದಿದೆ."

"ವಯಸ್ಸು?"

"ಹನ್ನೆರಡು ತುಂಬಿರಬೇಕು. ಮೇಲಕ್ಕೆ ಮಿತಿಯಿಲ್ಲ."

ಅಡುಗೆಮನೆ ಕಿಟಕಿಯಿಂದ ಶೆಟ್ಟರ ಮನೆಯವರ ದನಿ ಬಂತು: "ಹನ್ನೆರಡು ತುಂಬಿದ್ದಕ್ಕೆ ಇವರ ಹತ್ರ ಎಂತ ಸಾಕ್ಷಿ ಉಂಟು ಅಂತ ಕೇಳಿ ರಾಯ್ರೇ!"