ಗಾಜಿಗೆ ಮೂರು ಗಣ

ಡಚ್ಚರಿಗೆ ಎರಡು ಪದಗಳ ನಡುವೆ ಜಾಗ ಬಿಡುವುದೆಂದರೆ ದುಂದು. ಸಮುದ್ರವನ್ನು ಹಿಂದಕ್ಕೆ ಸರಿಸಿ ನೆಲ ಮಾಡಿಕೊಂಡ ಜನ, ಇಂಚಿಂಚಿನ ಬೆಲೆ ಬಲ್ಲವರು. ಪದದ ಬಾಲಕ್ಕೆ ಪದ ಅಂಟಿಸಿದರೆ ಅವರ ಕೆಲಸ ಮುಗಿಯಿತು. ಎಲ್ಲಿ ಬಿಡಿಸಬೇಕು ಅನ್ನುವುದು ಓದುವವರ ಹಣೆಬರಹ. 'ಫಲ್-ಕಾಯ್ಲ್' ಎಂದು ಬಿಡಿಸಿದರೆ ಖೆಡ್ಡಾ ಗುಂಡಿ. ಅದನ್ನೇ 'ಫಲ್ಕ್-ಆಯ್ಲ್' ಎಂದರೆ ಗಿಡುಗಗೂಬೆ. ಬರೆದಾಗ ಒಂದೇ ಥರ ಕಾಣುವ ಇನ್ನೊಂದು ಪದ 'ಮಸಾಷ-ಬೆಟ್' ಆದರೆ ಮೈ ಒತ್ತಿಸಿಕೊಳ್ಳುವ ಮಂಚ, 'ಮಸ್ಸ-ಖೆಬೆಟ್' ಆದರೆ ಸಾಮೂಹಿಕ ಪ್ರಾರ್ಥನೆ. ಸೊಂಟ ಹಿಡಿದುಕೊಂಡವರಿಗೆ ಎರಡೂ ಬೇಕಾಗುತ್ತದೆನ್ನಿ.

ಈ ಡಚ್ಚರ ನಾಡಿನಲ್ಲಿ ನಮ್ಮೂರು ಆಮ್‌ಸ್ಟೆಲ್‌ವೇನ್. 1999ರ ಕ್ರಿಕೆಟ್ ವಿಶ್ವಕಪ್ಪಿನ ಒಂದು ಪಂದ್ಯ ಇಲ್ಲೇ ನಡೆದದ್ದು. ಆ ಪರಂಪರೆಯನ್ನು ಮಗ ಹಿತ್ತಲಲ್ಲಿ ಮುಂದುವರಿಸುತ್ತಿದ್ದಾಗ ಚೆಂಡು ಪಕ್ಕದ ಮನೆಯ ಕಿಟಕಿ ಗಾಜು ಒಡೆದು ಒಳಗೇ ಹೋಯಿತು. ಬೇರೆಯವರಿಗೆ ಮಾಡಿದ ಇಂಥ ನಷ್ಟಕ್ಕೆಂದೇ ಇಲ್ಲೊಂದು ವಿಮೆಯಿದೆ. ಹೆಸರು 'ಆನ್‌ಸ್ಪ್ರಾಕೆಲೆಕ್‌ಹೆಯ್ಟ್ಸ್‌ಫೆರ್‌ಜೇಕೆರಿಂಗ್'. ರೋಮನ್ ಲಿಪಿಯಲ್ಲಿ 29 ಅಕ್ಷರ.

ಫೋನ್ ಮಾಡುವ ಮುಂಚೆ ನಾಲಿಗೆ ತಿರುಗಿಸಿಕೊಳ್ಳೋಣವೆಂದು ಕೂತೆ. ಗಾಜು ಒಡೆದವನಿಂದಲೇ ಪಾಠ! ಶಾಲೆಯಲ್ಲಿ ಕಲಿಸಿದಂತೆ ಒಂದೊಂದಕ್ಕೂ ಚಪ್ಪಾಳೆ ತಟ್ಟಿ ಬಿಡಿಸಿದ: ಆನ್, ಸ್ಪ್ರಾ, ಕೆ, ಲೆಕ್, ಹೆಯ್ಟ್ಸ್, ಫೆರ್, ಜೇ, ಕೆ, ರಿಂಗ್. ಒತ್ತು 'ಸ್ಪ್ರಾ' ಮೇಲೆ ಬೀಳಬೇಕಂತೆ. ಬೇರೆ ಕಡೆ 'ಐ' ಎಂದು ಮೆರೆಯುವ ಸ್ವರ 'ಲೆಕ್'ನಲ್ಲಿ ಬಾಲ ಮುದುರಿಕೊಳ್ಳುತ್ತದಂತೆ. 'ಹೆಯ್ಟ್'ನ ಹಿಂದಿರುವ 'ಸ್'ಗೆ ಅರ್ಥವೇ ಇಲ್ಲ, ಅದು ಬರೀ ಅಂಟು.

ಅರಸೀಕೆರೆಯಿಂದ ಬಂದಿದ್ದ ಅಪ್ಪ ನಿವೃತ್ತ ಕನ್ನಡ ಮೇಷ್ಟ್ರು. ವಿಮೆಯವರ ಲಕೋಟೆ ಮಗುಚಿ, ಹಿಂಬದಿಯಲ್ಲಿ ಪ್ರಸ್ತಾರ ಹಾಕಿದರು.

"ಗುರು ಗುರು ಲಘು, ಗುರು ಗುರು ಗುರು, ಗುರು ಲಘು ಗುರು. ಲೋ, ಸರಿಯಾಗಿ ಮೂರು ಗಣ ಕಣೋ! ತ, ಮ, ರ. ಯತಿ ಎಲ್ಲಿಡ್ತಾರೆ?"

"ಉಸಿರು ಕಟ್ಟಿದ ಕಡೆ ಅಪ್ಪ."

ಅಮ್ಮ ಒಗ್ಗರಣೆ ಸೌಟು ಹಿಡಿದೇ ಇಣುಕಿದರು. "ಕೊನೆಗೊಂದು ಉಕಾರ ಹಚ್ಕೊಳೋ. ಬಸ್ಸು, ಕಾರು ಅಂದ ಹಾಗೆ ರಿಂಗು ಅಂದ್ರೆ ಸಲೀಸಾಗುತ್ತೆ."

"ಉಕಾರ ಹಚ್ಚಿದ್ರೆ ಗಣ ಕೆಡುತ್ತೆ, ಸುಮ್ನಿರೇ," ಎಂದರು ಅಪ್ಪ.

ಅಷ್ಟರಲ್ಲಿ ಪಕ್ಕದ ಮನೆ ಅಜ್ಜಿ ಚೆಂಡು ಹಿಡಿದು ಬಾಗಿಲಿಗೆ ಬಂದರು. ಎದೆ ತುಂಬ ಉಸಿರೆಳೆದುಕೊಂಡು ಒಂಬತ್ತನ್ನೂ ಒಪ್ಪಿಸಿದೆ.

"ಓ, ವೇ-ಆ?" ಎಂದರು ಅಜ್ಜಿ. ಬಾಯಿಮಾತಿನಲ್ಲಿ ಆ ವಿಮೆಗೆ ಡಚ್ಚರು ಅನ್ನುವುದು ಅಷ್ಟೇ.

ಒಳಗಿನಿಂದ ಅಪ್ಪ ಕೂಗಿದರು: "ಎರಡೂ ಗುರು!"