ಎರಡು ಗಂಟೆಯಲ್ಲಿ ದುರ್ಗ ಗೆದ್ದ ಮೇಷ್ಟ್ರಿಗೊಂದು ಬಹಿರಂಗ ಪತ್ರ

ಶೈಕ್ಷಣಿಕ ಪ್ರವಾಸದ ಉಸ್ತುವಾರಿ ಹೊತ್ತ ಮೇಷ್ಟ್ರೇ, ನಮಸ್ಕಾರ.

ಮೊದಲು ಅಭಿನಂದನೆ ಸ್ವೀಕರಿಸಿ. ಹೈದರಾಲಿಯಂಥ ಹೈದರಾಲಿಗೇ ಚಿತ್ರದುರ್ಗದ ಈ ಕಲ್ಲಿನ ಕೋಟೆ ಒಂದೇಟಿಗೆ ದಕ್ಕಲಿಲ್ಲ. ಮತ್ತೆ ಮತ್ತೆ ದಂಡೆತ್ತಿ ಬಂದು, 1779ರಲ್ಲಿ ಮದಕರಿನಾಯಕನನ್ನು ಸೆರೆಹಿಡಿದ ಮೇಲೆಯೇ ದುರ್ಗ ಅವನದಾದದ್ದು. ನೀವೋ, ಶನಿವಾರ ರಾತ್ರಿ ಬಸ್ಸು ಹತ್ತಿ, ಭಾನುವಾರ ಬೆಳಗಿನ ಉಪ್ಪಿಟ್ಟು ಮುಗಿಸಿ, ಎರಡೇ ಗಂಟೆಯಲ್ಲಿ ಏಳೂ ಸುತ್ತು ವಶಪಡಿಸಿಕೊಂಡು ಕೆಳಗಿಳಿದಿರಿ. ನಿಮ್ಮ ಕಡೆ ಸಾವುನೋವಿಲ್ಲ. ಒಬ್ಬ ಹುಡುಗನ ಚಪ್ಪಲಿಯ ಉಂಗುಷ್ಟ ಕಿತ್ತಿತು, ಅಷ್ಟೆ.

ನಿಮ್ಮ ರಣತಂತ್ರವನ್ನು ನಾನು ಮೆಟ್ಟಿಲ ಮೇಲೆ ಕೂತು ನೋಡಿದೆ. ಸೀಟಿ ಊದುತ್ತಾ ನೇರ ಓಬವ್ವನ ಕಿಂಡಿಗೆ. ಏಕನಾಥೇಶ್ವರಿಗೆ ನಡೆಯುತ್ತಲೇ ಕೈಮುಗಿದದ್ದಾಯಿತು, ಹಿಡಿಂಬೇಶ್ವರನಿಗೆ ಅದೂ ಇಲ್ಲ. ಕಿಂಡಿಯಲ್ಲಿ ಮಾತ್ರ ಪಡೆ ನಿಂತಿತು. ಹುಡುಗಿಯರು ಇಲ್ಲದ ಒನಕೆ ಎತ್ತಿದರು, ಹುಡುಗರು ಸಾಲಾಗಿ ಸತ್ತರು, ನೀವು ಫೋಟೊ ತೆಗೆದಿರಿ. ಓಬವ್ವ ಹೇಗಿದ್ದಳು ಎಂಬ ಬಗ್ಗೆ ಮಕ್ಕಳಿಗೆ ಅನುಮಾನವೇ ಇರಲಿಲ್ಲ: 1972ರ ‘ನಾಗರಹಾವು’ ಚಿತ್ರದ ಜಯಂತಿಯ ಹಾಗೆ. ಪುಟ್ಟಣ್ಣ ಕಣಗಾಲರು ಪಠ್ಯಪುಸ್ತಕ ಸಮಿತಿಗಿಂತ ಹೆಚ್ಚು ಕೆಲಸ ಮಾಡಿಹೋಗಿದ್ದಾರೆ, ಅದಕ್ಕೆ ನನ್ನ ತಕರಾರಿಲ್ಲ.

ತಕರಾರಿರುವುದು ಬೇರೆಯದಕ್ಕೆ. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುತ್ತಿದ್ದ ಆ ಹೊತ್ತಿನಲ್ಲಿ ಆ ಹೆಂಗಸು ಅಲ್ಲಿಗೆ ಯಾಕೆ ಬಂದಿದ್ದಳು ಎಂದು ಒಂದು ಮಗುವೂ ಕೇಳಲಿಲ್ಲ, ನೀವೂ ಹೇಳಲಿಲ್ಲ. ದುರ್ಗದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಗಂಡ ಕಹಳೆ ಮುದ್ದಹನುಮ ಕಾವಲು ಬಿಟ್ಟು ಉಣ್ಣಲು ಬಂದಿದ್ದ, ಮನೆಯಲ್ಲಿ ಕುಡಿಯಲು ನೀರಿರಲಿಲ್ಲ. ಓಬವ್ವ ಯುದ್ಧಕ್ಕೆ ಹೊರಟವಳಲ್ಲ ಮೇಷ್ಟ್ರೇ, ನೀರಿಗೆ ಹೊರಟವಳು. ಕಿಂಡಿಯ ಪಕ್ಕದಲ್ಲೇ ತಣ್ಣೀರುದೋಣಿ ಇದೆ, ಬೇಸಿಗೆಯಲ್ಲೂ ತಣ್ಣಗಿರುವ ನೀರು. ನಿಮ್ಮ ಮಕ್ಕಳು ಅದಕ್ಕೆ ಬೆನ್ನು ಹಾಕಿ, ಕೆಳಗಿನ ಅಂಗಡಿಯಲ್ಲಿ ಕೊಂಡ ಬಾಟಲಿಗಳ ಮುಚ್ಚಳ ತಿರುವುತ್ತಿದ್ದರು. ನೀವು ಗಡಿಯಾರ ನೋಡಿ ‘ಬೇಗ ಕುಡೀರಿ’ ಎಂದಿರಿ.

ನಮ್ಮ ಬೀದಿಯ ಹುಡುಗನೊಬ್ಬ ಜರ್ಮನಿಗೆ ಓದಲು ಹೋಗಿದ್ದಾನೆ. ಹಿಂದೆ ಇಂಥದೇ ಬಸ್ಸಿನಲ್ಲಿ ಊರೂರು ಗೆದ್ದು ಬಂದವನು. ಈಗ ಗೆಳೆಯರ ಜೊತೆ ವಾರಾಂತ್ಯಕ್ಕೆ ರೋಥೆನ್‌ಬರ್ಗ್ ಎಂಬ ಹಳೇ ಕೋಟೆಯೂರಿಗೆ ಹೋಗಿ, ಗೋಡೆಯ ಮೇಲೆ ಬಹುದೂರ ನಡೆದನಂತೆ. ಅಲ್ಲಿಯೂ ಒಂದು ಕಥೆಯುಂಟು. 1631ರಲ್ಲಿ ಶತ್ರುಸೇನೆ ಊರು ಹಿಡಿದಾಗ, ಒಬ್ಬ ಮೇಯರ್ ಮೂರೂಕಾಲು ಲೀಟರ್ ದ್ರಾಕ್ಷಾರಸವನ್ನು ಒಂದೇ ಗುಟುಕಿಗೆ ಕುಡಿದು ಊರನ್ನು ಉಳಿಸಿದನಂತೆ. 1881ರಿಂದ ಅದನ್ನೇ ನಾಟಕ ಮಾಡಿ ಆಡುತ್ತಿದ್ದಾರೆ. ಇರಲಿ, ಅವರ ಊರನ್ನು ಕುಡುಕ ಉಳಿಸಿದ. ನಮ್ಮ ಊರನ್ನು ಉಳಿಸಿದ್ದು ಕುಡಿಯುವ ನೀರು.

ಮಳೆ ಕಡಿಮೆಯ ಸೀಮೆ ಇದು. ಬಂಡೆಯ ಮೇಲೆ ಬಿದ್ದ ಹನಿ ಹಾಳಾಗದಂತೆ ಪಾಳೆಯಗಾರರ ಕಾಲದವರು ಮೇಲೆ ಗೋಪಾಲಸ್ವಾಮಿ ಹೊಂಡ ಮಾಡಿದರು. ಅದು ತುಂಬಿದರೆ ಹೆಚ್ಚಿನದು ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿಳಿದು ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ. ಪಂಪಿಲ್ಲ, ಪೈಪಿಲ್ಲ, ಟೆಂಡರೂ ಇಲ್ಲ. ನೀರು ತುಂಬಿರುವ ತನಕ ಒಳಗಿನವರು ಹೊರಗಿನ ಮುತ್ತಿಗೆಗೆ ಹೆದರಬೇಕಿರಲಿಲ್ಲ. ಊರಲ್ಲಿ ಮದಕರಿಗೂ ಓಬವ್ವನಿಗೂ ಪ್ರತಿಮೆಗಳಿವೆ. ಈ ಇಳಿಜಾರನ್ನು ಅಳೆದವನ ಹೆಸರೂ ಇಲ್ಲ. ಅಕ್ಕತಂಗಿ ಹೊಂಡದ ಬಳಿ ನಿಮ್ಮವರು ಕಲ್ಲೆಸೆದು ಗುಳುಂ ಎನಿಸಿದ್ದನ್ನು ಜಲವಿಜ್ಞಾನದ ಪ್ರಾಯೋಗಿಕ ಪಾಠವೆಂದೇ ಭಾವಿಸಿದ್ದೇನೆ.

ನಿಮ್ಮ ಪಟ್ಟಿಯಲ್ಲಿ ‘ಸಮಯವಿದ್ದರೆ’ ಎಂಬ ಅಡಿಟಿಪ್ಪಣಿಯೊಡನೆ ಇದ್ದ ಚಂದ್ರವಳ್ಳಿಗೆ ಸಮಯವಿತ್ತು, ಪುಳಿಯೋಗರೆಗಾಗಿ. ಅಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದ್ದರು. ಆ ಮಣ್ಣಿನಲ್ಲಿ ರೋಮಿನ ನಾಣ್ಯಗಳೂ ಸಿಕ್ಕಿವೆ. ಕದಂಬರ ಮಯೂರಶರ್ಮ ಅಲ್ಲಿನ ಬಂಡೆಯ ಮೇಲೆ ಶಾಸನ ಕೊರೆಸಿದಾಗ ಗೆದ್ದ ರಾಜರ ಪಟ್ಟಿಯ ಜೊತೆಗೆ ಏನನ್ನು ಬರೆಸಿದ ಗೊತ್ತೆ? ಕೆರೆಯ ಕೆಲಸ ಮಾಡಿಸಿದ್ದನ್ನು. ಈಗಿನ ಶಾಸಕರು ಫ್ಲೆಕ್ಸಿನಲ್ಲಿ ಬರೆಸುವುದನ್ನು ಅವನು ಕಲ್ಲಿನಲ್ಲಿ ಬರೆಸಿದ.

ಹೊಳಲ್ಕೆರೆಯನ್ನು ನೀವು ಬರುವಾಗಲೇ ದಾಟಿದಿರಿ, ಎಲ್ಲರೂ ನಿದ್ದೆಯಲ್ಲಿ. ಬಯಲು ಗಣಪ ಎದ್ದೇ ಇದ್ದ. ಹೊಸದುರ್ಗ ಪಟ್ಟಿಯಲ್ಲೇ ಇರಲಿಲ್ಲ. ಅಲ್ಲಿನ ಸಾಣೇಹಳ್ಳಿಯ ಬಯಲು ರಂಗಮಂದಿರದಲ್ಲಿ ಮಕ್ಕಳನ್ನು ಅರ್ಧ ಗಂಟೆ ಕೂರಿಸಿದ್ದರೆ ಯಾರಿಗೂ ಜ್ವರ ಬರುತ್ತಿರಲಿಲ್ಲ. ಆದರೆ ಹೊಸದುರ್ಗದ ಕಡೆಯಿಂದಲೇ ವೇದಾವತಿ ಹರಿದು ಹಿರಿಯೂರಿನ ಮಾರಿಕಣಿವೆ ಸೇರುವುದು. ನೀವು ಸಂಜೆ ಸೆಲ್ಫಿ ತೆಗೆದುಕೊಂಡ ವಾಣಿವಿಲಾಸ ಸಾಗರ ಅದೇ. 1907ರಲ್ಲಿ ಕಟ್ಟಿ ಮುಗಿಸಿದ ಈ ಅಣೆಕಟ್ಟೆ 1933ರಲ್ಲಿ ಕೋಡಿ ಹರಿದದ್ದೇ ಕೊನೆ, ಮತ್ತೆ ಹರಿದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ! ಅಂದು ಹಿರಿಯೂರಿಗೆ ಜನ ಜಾತ್ರೆಗೆ ಬಂದಂತೆ ಬಂದರು, ಬರೀ ನೀರು ಹರಿಯುವುದನ್ನು ನೋಡಲು. 2025ರ ಜನವರಿಯಲ್ಲೂ ಹರಿಯಿತು. ನಿಮ್ಮ ಗೈಡು ‘ಹಳೇ ಡ್ಯಾಮು, ಚೆನ್ನಾಗಿದೆ’ ಎಂದಷ್ಟೇ ಹೇಳಿದನೆಂದು ಕೇಳಿದೆ.

ಇನ್ನು ಮಕ್ಕಳು ‘ನಾನು ಕಂಡ ಐತಿಹಾಸಿಕ ಸ್ಥಳ’ ಎಂದು ಪ್ರಬಂಧ ಬರೆಯುತ್ತಾರೆ. ಎಲ್ಲರದರಲ್ಲೂ ಒನಕೆ ಇರುತ್ತದೆ. ಸಾಧ್ಯವಾದರೆ ಪ್ರಶ್ನೆಪತ್ರಿಕೆಯಲ್ಲಿ ಒಂದು ಪ್ರಶ್ನೆ ಸೇರಿಸಿ: ಓಬವ್ವ ಅಂದು ಕೊಡ ಹಿಡಿದು ಹೊರಟ ನೀರು ಅಷ್ಟೆತ್ತರದ ಬಂಡೆಯ ಮೇಲೆ ನಿಂತದ್ದು ಹೇಗೆ? ಎರಡೇ ಅಂಕಕ್ಕೆ ಕೇಳಿ. ಐದಂಕದ್ದು ಮಾಡಿದರೆ ‘ಸಿಲಬಸ್ಸಿನಲ್ಲಿಲ್ಲ’ ಎಂದು ಪೋಷಕರು ಗಲಾಟೆ ಮಾಡಿಯಾರು.

ಇಂತಿ,
ನೀವು ಗೆದ್ದ ಕೋಟೆಯ ಕೆಳಗಿನ ನಿವಾಸಿ